ಬ್ರಾಂಜೈಟ್‌ನಲ್ಲಿ ಕಂಚು ಇದೆಯೇ?

ಪ್ರಶ್ನೆ: ಜಾತ್ರೆಯೊಂದರಲ್ಲಿ ಕಂದು ಬಣ್ಣದ, ಹೊರಳಿಸಿದರೆ ಹೊನ್ನಿನಂತೆ ಮಿನುಗುವ ಕಲ್ಲೊಂದನ್ನು ಕೊಂಡೆ. ಅದು ಬ್ರಾಂಜೈಟ್, ಕಂಚು ಬೆರೆತಿರುವುದರಿಂದಲೇ ಅದಕ್ಕೆ ಆ ಹೊಳಪು ಎಂದು ಅಂಗಡಿಯವರು ಹೇಳಿದರು. ಇದು ನಿಜವೇ? ‘ಹುಲಿಗಣ್ಣು’ ಕಲ್ಲಿಗೂ ಇದಕ್ಕೂ ವ್ಯತ್ಯಾಸವೇನು? ಹೊಸ ಖನಿಜ ಪಟ್ಟಿಗಳಲ್ಲಿ ಈ ಹೆಸರು ಏಕಿಲ್ಲ? ಕರ್ನಾಟಕದಲ್ಲಿ ಇದು ಸಿಗುತ್ತದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಕಂಚು ಎಂದರೆ ತಾಮ್ರ ಮತ್ತು ತವರದ ಮಿಶ್ರಲೋಹ, ಬ್ರಾಂಜೈಟ್‌ನ ರಚನೆಯಲ್ಲಿ ಇವೆರಡಕ್ಕೂ ಸ್ಥಾನವಿಲ್ಲ. ಹೆಸರು ಬಂದಿರುವುದು ಹೊಳಪಿನಿಂದ ಮಾತ್ರ. ಇದು ಪೈರಾಕ್ಸೀನ್ ಗುಂಪಿನ ಎನ್‌ಸ್ಟಟೈಟ್ ಎಂಬ ಖನಿಜದ, ಕಬ್ಬಿಣ ಬೆರೆತ ಒಂದು ಬಗೆ. ಒಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್‌ಗಳಿರುವ ಘಟಕಗಳು, ಪ್ರತಿಯೊಂದೂ ತನ್ನ ಎರಡು ಮೂಲೆಗಳನ್ನು ಅಕ್ಕಪಕ್ಕದವುಗಳೊಂದಿಗೆ ಹಂಚಿಕೊಂಡು, ಉದ್ದನೆಯ ಸರಪಳಿಗಳಾಗಿ ಜೋಡಣೆಗೊಂಡಿರುತ್ತವೆ. ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಡುವುದು ಮೆಗ್ನೀಸಿಯಂ. ಕಬ್ಬಿಣದ ಅಯಾನು ಗಾತ್ರದಲ್ಲಿ ಮೆಗ್ನೀಸಿಯಂ ಅಯಾನಿಗಿಂತ ತುಸುವೇ ದೊಡ್ಡದಾದ್ದರಿಂದ ಅದರ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಐದರಲ್ಲಿ ಒಂದು ಜಾಗ ಕಬ್ಬಿಣದ ಪಾಲಾಗಿದೆ ಎಂದುಕೊಂಡರೆ, ತೂಕದಲ್ಲಿ ಸಿಲಿಕಾ ಸುಮಾರು ಶೇ. 56, ಮೆಗ್ನೀಸಿಯಂ ಆಕ್ಸೈಡ್ ಶೇ. 30, ಕಬ್ಬಿಣದ ಆಕ್ಸೈಡ್ ಶೇ. 13.5 ಇರುತ್ತದೆ. ಕಂದು ಬಣ್ಣವೂ ಈ ಕಬ್ಬಿಣದ ಕೊಡುಗೆಯೇ.

ಹೊಳಪಿನ ಕಥೆ ಬೇರೆ. ಹೆಚ್ಚಿನ ಉಷ್ಣತೆಯಲ್ಲಿ ಹುಟ್ಟಿದ ಈ ಹರಳು ತನ್ನೊಳಗೆ ಸ್ವಲ್ಪ ಕ್ಯಾಲ್ಸಿಯಂ ಮುಂತಾದವನ್ನು ಕರಗಿಸಿಕೊಂಡಿರುತ್ತದೆ; ನಿಧಾನವಾಗಿ ತಣಿಯುವಾಗ, ಪಾಕ ಆರಿದಂತೆ ಸಕ್ಕರೆ ಹರಳುಗಟ್ಟುವ ರೀತಿಯಲ್ಲಿ, ಅವು ಬೇರೆ ಖನಿಜಗಳ ಅತಿ ತೆಳುವಾದ ಹಾಳೆಗಳಾಗಿ ಒಳಗೇ ಬೇರ್ಪಡುತ್ತವೆ. ಒಂದೇ ದಿಕ್ಕಿಗೆ ಮುಖಮಾಡಿದ ಇಂಥ ಹಾಳೆಗಳೂ ಕಬ್ಬಿಣದ ಆಕ್ಸೈಡಿನ ಚೂರುಗಳೂ ಬೆಳಕನ್ನು ಒಟ್ಟಾಗಿ ಹಿಂದಿರುಗಿಸುವುದರಿಂದ ಲೋಹದಂಥ ಮಿನುಗು ಕಾಣಿಸುತ್ತದೆ.

ಕಲ್ಲನ್ನು ದೀಪದ ಕೆಳಗೆ ಮೆಲ್ಲಗೆ ಹೊರಳಿಸಿ ನೋಡಿ. ಬ್ರಾಂಜೈಟ್ ಆಗಿದ್ದರೆ ಹರಳಿನ ಮುಖವೊಂದು ಒಂದು ಕೋನದಲ್ಲಿ ಇಡಿಯಾಗಿ ಬೆಳಗಿ, ಮತ್ತೆ ಇಡಿಯಾಗಿ ಮಂಕಾಗುತ್ತದೆ. ಹುಲಿಗಣ್ಣಿನಲ್ಲಿ ರೇಷ್ಮೆಯಂಥ ಪಟ್ಟೆ ಮೇಲ್ಮೈ ಮೇಲೆ ಸರಿದಾಡುತ್ತದೆ. ಗಾಜನ್ನು ಗೀರಿ ಪರೀಕ್ಷಿಸುವುದನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಬ್ರಾಂಜೈಟ್‌ನ ಗಡಸುತನ ಮೋಸ್ ಮಾಪಕದಲ್ಲಿ 5ರಿಂದ 6, ಗಾಜಿನದೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ತೂಕವೇ ನಂಬಿಕೆಗೆ ಅರ್ಹ. 33 ಗ್ರಾಂ ತೂಗುವ ಬ್ರಾಂಜೈಟ್ ಅಳತೆಯ ಜಾಡಿಯಲ್ಲಿ ನೀರನ್ನು ಸುಮಾರು 10 ಮಿಲಿಲೀಟರ್‌ನಷ್ಟು ಮೇಲೇರಿಸಿದರೆ, ಬೆಣಚುಕಲ್ಲಿನ ಜಾತಿಯದಾದ ಹುಲಿಗಣ್ಣು ಅದೇ ತೂಕಕ್ಕೆ ಸುಮಾರು 12.5 ಮಿಲಿಲೀಟರ್‌ನಷ್ಟು ಮೇಲೇರಿಸುತ್ತದೆ. ಒಡೆದ ಅಂಚಿದ್ದರೆ, ಹೆಚ್ಚುಕಡಿಮೆ ಲಂಬಕೋನದಲ್ಲಿ ಸಂಧಿಸುವ ಎರಡು ಸೀಳುಗಳನ್ನೂ, ಅಂದರೆ ಕಲ್ಲು ಸಪಾಟಾಗಿ ಒಡೆಯುವ ಮುಖಗಳನ್ನೂ, ಹುಡುಕಬಹುದು. ಬೆಣಚುಕಲ್ಲಿನಲ್ಲಿ ಅಂಥ ಸೀಳು ಇರುವುದಿಲ್ಲ.

ಹೆಸರು ಮರೆಯಾದದ್ದು 1988ರಲ್ಲಿ. ಮೆಗ್ನೀಸಿಯಂನಿಂದ ಕಬ್ಬಿಣದವರೆಗಿನ ಈ ಸರಣಿಯಲ್ಲಿ ನಡುವೆ ಗಡಿ ಎಳೆಯಲು ಸಹಜವಾದ ಬಿರುಕೇನೂ ಇಲ್ಲದ ಕಾರಣ, ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘವು ಅರ್ಧಕ್ಕೆ ಒಂದೇ ಗೆರೆ ಎಳೆದು, ಮೆಗ್ನೀಸಿಯಂ ಹೆಚ್ಚಿರುವುದನ್ನು ಎನ್‌ಸ್ಟಟೈಟ್, ಕಬ್ಬಿಣ ಹೆಚ್ಚಿರುವುದನ್ನು ಫೆರೋಸಿಲೈಟ್ ಎಂದು ಕರೆದು, ಬ್ರಾಂಜೈಟ್ ಮತ್ತು ಹೈಪರ್ಸ್ತೀನ್ ಎಂಬ ಹೆಸರುಗಳನ್ನು ಕೈಬಿಟ್ಟಿತು. ಕಲ್ಲಿನ ವ್ಯಾಪಾರಿಗಳು ಮಾತ್ರ ಬಿಟ್ಟಿಲ್ಲ, ಅದರಲ್ಲಿ ತಪ್ಪೂ ಇಲ್ಲ.

ಕರ್ನಾಟಕದಲ್ಲಿ ಇದರ ಹತ್ತಿರದ ನೆಂಟನನ್ನು, ಅಂದರೆ ಕಬ್ಬಿಣ ಇನ್ನಷ್ಟು ಹೆಚ್ಚಿರುವ, ಹಿಂದೆ ಹೈಪರ್ಸ್ತೀನ್ ಎನ್ನುತ್ತಿದ್ದ ಬಗೆಯನ್ನು, ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಶಿಲೆಯಲ್ಲಿ ನೋಡಬಹುದು. ಕನಕಪುರದ ಕಡೆಯ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ ಬೂದು ಬಣ್ಣದ, ಪಟ್ಟೆಪಟ್ಟೆಯಾದ ನೈಸ್ ಶಿಲೆಯ ನಡುವೆ ಇದೇ ಚಾರ್ನೊಕೈಟ್‌ನ, ಎಣ್ಣೆ ಸವರಿದಂಥ ಕಡುಹಸಿರು ಮಚ್ಚೆಗಳಿವೆ. ಭೂಮಿಯ ಆಳದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವಗಳು ನುಸುಳಿದಾಗ, ನೀರಿನಂಶ ಹೊಂದಿದ್ದ ಕಪ್ಪು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಎಂಬ ಖನಿಜಗಳು ಒಡೆದು ಈ ಪೈರಾಕ್ಸೀನ್ ಅಲ್ಲಿಯೇ ಹುಟ್ಟಿತು.