ಓದುಗರ ಪ್ರಶ್ನೆ: ಮೊದಲ ಕೆಲಸಕ್ಕೆ ಪೋರ್ಟ್‌ಫೋಲಿಯೊ

ಪ್ರಶ್ನೆ: ದಾವಣಗೆರೆಯಲ್ಲಿ ದೃಶ್ಯಕಲೆಯ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನರ್ ಕೆಲಸ ಹುಡುಕುತ್ತಿದ್ದೇನೆ. ಗ್ರಾಹಕರಿಗಾಗಿ ಮಾಡಿದ ಕೆಲಸ ಒಂದೂ ಇಲ್ಲ. ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಕೆಲಸದ ಮಾದರಿಗಳ ಸಂಗ್ರಹದಲ್ಲಿ, ಏನನ್ನು ಇಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಸಬರ ವಿಷಯದಲ್ಲಿ ಕಾಲೇಜಿನ ಕೆಲಸಗಳೂ ಸ್ವಂತ ಕಲ್ಪನೆಯ ಯೋಜನೆಗಳೂ ಸಲ್ಲುತ್ತವೆ, ಆದರೆ ಅವು ಅಂಥವೇ ಎಂದು ಸ್ಪಷ್ಟವಾಗಿ ನಮೂದಿಸಬೇಕು. 8ರಿಂದ 10 ಕೆಲಸಗಳು ಸಾಕು. ನಿಮಗೇ ಅನುಮಾನವಿರುವುದನ್ನು ಸಂಖ್ಯೆ ತುಂಬಿಸಲೆಂದು ಸೇರಿಸಬೇಡಿ.

ಎರಡು ಮೂರು ಕೆಲಸಗಳಿಗಾದರೂ ಸಮಸ್ಯೆ ಏನಿತ್ತು, ಪೆನ್ಸಿಲ್ ಕರಡುಗಳು ಹೇಗಿದ್ದವು, ಯಾವುದನ್ನು ಏಕೆ ಕೈಬಿಟ್ಟಿರಿ ಎಂಬುದನ್ನು ನಾಲ್ಕೈದು ಸಾಲುಗಳಲ್ಲಿ ಬರೆಯಿರಿ. ನೀವು ಯೋಚಿಸುವ ರೀತಿ ಅಲ್ಲಿಯೇ ಕಾಣುತ್ತದೆ.

ಕನ್ನಡ ಅಕ್ಷರಗಳನ್ನು ಬಳಸಿದ ಒಂದು ಕೆಲಸ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನ ತಿಂಡಿಪಟ್ಟಿಯನ್ನೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ವಿನ್ಯಾಸಗೊಳಿಸಿ ನೋಡಿ: ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತ ಚಿಹ್ನೆಗಳಿಗೆ ತಾಗುತ್ತವೆ, ಆದ್ದರಿಂದ ಅಂತರವನ್ನೂ ಅಕ್ಷರದ ಗಾತ್ರವನ್ನೂ ಎರಡು ಲಿಪಿಗಳಿಗೆ ಬೇರೆ ಬೇರೆಯಾಗಿ ನಿರ್ಧರಿಸಬೇಕಾಗುತ್ತದೆ. ಸಾಫ್ಟ್‌ವೇರ್ ಬಲ್ಲವರು ಅನೇಕರಿದ್ದಾರೆ. ಇದನ್ನು ಗಮನಿಸುವವರು ವಿರಳ.

ಮುದ್ರಣದ ಕೆಲಸವಾದರೆ ಬಣ್ಣಗಳು ಸಿಎಂವೈಕೆಯಲ್ಲಿ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ಪದ್ಧತಿಯಲ್ಲಿ) ಇರಲಿ, ಅಂಚಿನಾಚೆ ಸಾಮಾನ್ಯವಾಗಿ ಬಿಡುವ 3 ಮಿ.ಮೀ. ಬ್ಲೀಡ್ (ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ಹೊರಕ್ಕೆ ಚಾಚಿದ ವಿನ್ಯಾಸದ ಭಾಗ) ಇರಲಿ. ಇಮೇಲ್‌ಗೆ ಹಗುರವಾದ ಪಿಡಿಎಫ್ ಲಗತ್ತಿಸಿ, ಜೊತೆಗೆ ವಿನ್ಯಾಸಕಾರರು ತಮ್ಮ ಕೆಲಸಗಳನ್ನು ಪ್ರದರ್ಶಿಸುವ ಜಾಲತಾಣವಾದ ಬಿಹ್ಯಾನ್ಸ್‌ನ ಕೊಂಡಿಯನ್ನು ಕೊಡಿ. ಗುಂಪಿನಲ್ಲಿ ಮಾಡಿದ ಕೆಲಸವಾಗಿದ್ದರೆ ನಿಮ್ಮ ಪಾಲು ಎಷ್ಟೆಂಬುದನ್ನು ಬರೆಯಲು ಮರೆಯಬೇಡಿ. ಸಂದರ್ಶನದಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.