ಈಮ್ಯಾಕ್ಸ್ ಇನಿಟ್ ಫೈಲನ್ನು ಆರ್ಗ್‌ನಲ್ಲಿ ಬರೆಯುವ ಬಗ್ಗೆ: ಜಮಖಂಡಿ ಸರ್ ಕೇಳಿದ್ದಕ್ಕೆ

ಸರ್, ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್, ಅಂದರೆ ಇನಿಟ್ ಫೈಲ್, ಬೆಳೆದು ಬೆಳೆದು ಯಾವ ಸಾಲು ಯಾಕಿದೆ ಅಂತಲೇ ಗೊತ್ತಾಗುತ್ತಿಲ್ಲ, ಎಲ್ಲವನ್ನೂ ಆರ್ಗ್ ಫೈಲಿಗೆ (ಹೆಡಿಂಗ್, ಟಿಪ್ಪಣಿ, ಕೋಡ್ ಒಟ್ಟಿಗೆ ಇಡುವ ಈಮ್ಯಾಕ್ಸ್ ಫೈಲಿಗೆ) ಹಾಕಿದರೆ ಉಪಯೋಗವಿದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಕೋಡ್ ಕಾಪಿ ಮಾಡಿ ಮೇಲೊಂದು ಹೆಡಿಂಗ್ ಕೊಟ್ಟರೆ ಸಾಲದು. ಪ್ರತಿ ತುಣುಕಿನ ಮೇಲೆ ಅದು ಯಾಕೆ ಬೇಕಾಯಿತು ಅಂತ ಎರಡು ಸಾಲು ಬರೆಯಿರಿ, ಕನ್ನಡದಲ್ಲೇ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1984ರಲ್ಲಿ ಲಿಟರೇಟ್ ಪ್ರೋಗ್ರಾಮಿಂಗ್ ಅಂತ ಹೇಳಿದ್ದರ ತಿರುಳೂ ಅದೇ: ಬರೆಯುವುದು ಮನುಷ್ಯರು ಓದಲಿ ಅಂತ, ಯಂತ್ರಕ್ಕೆ ಬೇಕಾದ ಕೋಡನ್ನು ಅದರಿಂದ ಹೊರತೆಗೆದರಾಯಿತು. ಹಾಗೆ ತೆಗೆಯುವುದೇ ಟ್ಯಾಂಗಲ್.

ಬೆಳಗಾವಿಯಲ್ಲಿ ನಮಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ಫೈಲಿನಲ್ಲಿ ಬರುತ್ತವೆ. ನನ್ನ ಆರ್ಗ್ ಫೈಲಿನಲ್ಲಿ ‘ಲಿಪಿ’ ಅಂತ ಒಂದು ಹೆಡಿಂಗ್ ಇದೆ. ಕೆಳಗೆ ಹೀಗಿದೆ: ‘ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡ ಗೊತ್ತುಮಾಡಿದೆ. ಬಿಟ್ಟರೆ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಫಾಂಟ್ ಬರುತ್ತದೆ. ಒತ್ತಕ್ಷರ ಒಡೆದು ಕಂಡರೆ ಮೊದಲು ಈಮ್ಯಾಕ್ಸ್ ಆವೃತ್ತಿ ನೋಡು, ಅಕ್ಷರ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಬಂದದ್ದು 27ರಲ್ಲಿ.’ ಆಮೇಲೆ ಸೆಟ್-ಫಾಂಟ್‌ಸೆಟ್-ಫಾಂಟ್ ಅಂತ ಕೋಡ್ ಇರುವುದು ಒಂದೇ ಸಾಲು. ಟಿಪ್ಪಣಿ ಕೋಡಿಗಿಂತ ಉದ್ದ, ಇರಲಿ. ಹೊಸ ಲ್ಯಾಪ್‌ಟಾಪ್ ತಂದ ದಿನ ಕೈಹಿಡಿಯುವುದು ಆ ಟಿಪ್ಪಣಿಯೇ.

ಲೋಡ್ ಮಾಡುವುದು ಹೇಗೆ ಅಂತಲೂ ಕೇಳಿದ್ದೀರಿ. ಜಾಸ್ತಿ ಜನ ಇನಿಟ್ ಫೈಲಿನಲ್ಲಿ ಆರ್ಗ್ ಫೈಲನ್ನು ನೇರವಾಗಿ ಲೋಡ್ ಮಾಡುವ ಆರ್ಗ್-ಬೇಬಲ್-ಲೋಡ್-ಫೈಲ್ ಅಂತ ಒಂದು ಸಾಲು ಹಾಕಿ ಬಿಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಹಾಗೆ ಮಾಡಿದರೆ ಈಮ್ಯಾಕ್ಸ್ ಜೊತೆ ಬಂದ ಆರ್ಗ್ ಪ್ಯಾಕೇಜ್ ಮೊದಲೇ ಲೋಡ್ ಆಗಿಬಿಡುತ್ತದೆ. ಆಮೇಲೆ ನೀವು ಹಾಕಿಕೊಂಡ ಹೊಸ ಆರ್ಗ್ ಬಂದರೆ ಎರಡೂ ಕಲಸಿಕೊಂಡು ಅರ್ಥವಾಗದ ಎರರ್ ಕೊಡುತ್ತವೆ. ಅದರ ಬದಲು ಆರ್ಗ್ ಫೈಲಿನ ಮೊದಲಲ್ಲಿ ಟ್ಯಾಂಗಲ್ ಎಲ್ಲಿಗೆ ಅಂತ ಒಮ್ಮೆ ಹೇಳಿಬಿಡಿ. ಬದಲಾವಣೆ ಮಾಡಿದಾಗ ಕಂಟ್ರೋಲ್-ಸಿ, ಕಂಟ್ರೋಲ್-ವಿ, ಟಿ ಒತ್ತಿದರೆ ಇನಿಟ್ ಫೈಲ್ ಹೊಸದಾಗಿ ಬರೆದುಕೊಳ್ಳುತ್ತದೆ. ಸ್ಟಾರ್ಟ್ ಆಗುವಾಗ ಆರ್ಗ್‌ನ ಹಂಗೇ ಇಲ್ಲ. ಈಮ್ಯಾಕ್ಸ್ 27ರಿಂದ ಬಂದ, ಇನಿಟ್ ಫೈಲಿಗಿಂತ ಮೊದಲೇ ಓದುವ ಅರ್ಲಿ-ಇನಿಟ್ ಫೈಲನ್ನೂ ಇದೇ ಆರ್ಗ್‌ನಿಂದ ತೆಗೆಯಬಹುದು.

ಒಂದು ಎಚ್ಚರ. ಮೆನುವಿನಿಂದ ಮಾಡಿದ ಸೆಟ್ಟಿಂಗ್‌ಗಳನ್ನು ಈಮ್ಯಾಕ್ಸ್ ಇನಿಟ್ ಫೈಲಿಗೇ ಬರೆಯುತ್ತದೆ. ಮುಂದಿನ ಟ್ಯಾಂಗಲ್‌ಗೆ ಅವೆಲ್ಲ ಅಳಿಸಿಹೋಗುತ್ತವೆ. ಕಸ್ಟಮ್-ಫೈಲ್ ಅಂತ ಬೇರೆ ಫೈಲ್ ತೋರಿಸಿ, ಅದನ್ನು ಲೋಡ್ ಮಾಡುವ ಸಾಲನ್ನೂ ಸೇರಿಸಿ. ಬೇಡವಾದ ಭಾಗವನ್ನು ಅಳಿಸಬೇಕಿಲ್ಲ, ಹೆಡಿಂಗ್ ಮುಂದೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕಾಮೆಂಟ್ (COMMENT) ಅಂತ ಹಾಕಿದರೆ ಟ್ಯಾಂಗಲ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಎಲ್ಲವನ್ನೂ ಒಂದೇ ದಿನ ಸಾಗಿಸಲು ಹೋಗಬೇಡಿ ಸರ್. ಹಳೆಯ ಇನಿಟ್ ಫೈಲಿಗೆ ಬೇರೆ ಹೆಸರು ಕೊಟ್ಟು, ಆರ್ಗ್‌ನ ಕೊನೆಯ ತುಣುಕಿನಿಂದ ಅದನ್ನು ಲೋಡ್ ಮಾಡಿ. ಕೆಲಸ ನಿಲ್ಲುವುದಿಲ್ಲ. ಯಾವ ಸಾಲಿನ ಕಾರಣ ಗೊತ್ತಾಯಿತೋ ಅದನ್ನು ಟಿಪ್ಪಣಿ ಸಮೇತ ಆರ್ಗ್‌ಗೆ ತನ್ನಿ. ಮೊದಲು ಕನ್ನಡ ಫಾಂಟ್ ಮತ್ತು ಇನ್‌ಪುಟ್ ಭಾಗ ತನ್ನಿ. ಇನ್‌ಪುಟ್‌ಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಕನ್ನಡ-ಐಟ್ರಾನ್ಸ್ ಗೊತ್ತುಮಾಡಿದರೆ ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ ಕನ್ನಡಕ್ಕೆ ಹೋಗಬಹುದು. ಉಳಿದ ಟಿಪ್ಪಣಿ ಬರೆಯಲು ಹೇಗೂ ಅದು ಬೇಕಲ್ವಾ.