ಕೊಟ್ಟಿಗೆಯ ಕಾಂಕ್ರೀಟ್ ನೆಲಕ್ಕೆ ವಾಟ (ನೀರು ಹರಿಯುವ ಇಳಿಜಾರು) ಎಷ್ಟಿರಬೇಕು, ಅದನ್ನು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಮೂರು ಹಸು ಕಟ್ಟುವ ಕೊಟ್ಟಿಗೆ, ಗೋದಲಿ ಬಿಟ್ಟು 12 ಅಡಿ ಉದ್ದ, 9 ಅಡಿ ಅಗಲ. ಈಗಿರುವ ಮಣ್ಣುನೆಲದಲ್ಲಿ ಗಂಜಲ ನಿಂತು ಕೆಸರಾಗುತ್ತಿದೆ, ಕಾಂಕ್ರೀಟ್ ಹಾಕಬೇಕು. ಮೇಸ್ತ್ರಿ ‘ಮೊದಲು ಮಟ್ಟವಾಗಿ ಬೆಡ್ ಹಾಕೋಣ, ವಾಟ ಆಮೇಲೆ ಮೇಲಿನ ಗಾರೆಯಲ್ಲಿ ಕೊಟ್ಟರಾಯಿತು’ ಅನ್ನುತ್ತಿದ್ದಾರೆ, ಒಪ್ಪಬಹುದಾ? ಪಕ್ಕದ ಕಾರ್ ಶೆಡ್ಡಿಗೂ ಇದೇ ಲೆಕ್ಕ ನಡೆಯುತ್ತದಾ?

ದಯವಿಟ್ಟು ಒಪ್ಪಬೇಡಿ. ನನ್ನ ಮೊದಲ ಕೊಟ್ಟಿಗೆಯಲ್ಲಿ ನಾನು ಒಪ್ಪಿದ್ದೆ. ಮಟ್ಟವಾದ ಬೆಡ್ಡಿನ ಮೇಲೆ ಗೋದಲಿ ಕಡೆ ಒಂದೂವರೆ ಇಂಚು ದಪ್ಪ, ಚರಂಡಿ ಕಡೆಗೆ ಬರಬರುತ್ತಾ ಕಾಗದದಷ್ಟು ತೆಳುವಾಗುವ ಹಾಗೆ ಗಾರೆ ಎಳೆದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಹಸುವಿನ ಹಿಂಗಾಲು ಊರುವುದು, ಗಂಜಲ ಬೀಳುವುದು, ಸಲಿಕೆ ತಾಗುವುದು ಎಲ್ಲವೂ ಆ ತೆಳು ಅಂಚಿನ ಮೇಲೇ. ಎರಡನೇ ಮಳೆಗಾಲಕ್ಕೆ ಅಲ್ಲಿ ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು. ಆಮೇಲೆ ಅಂಗೈಯಗಲದ ಹಪ್ಪಳದಂತೆ ಪದರ ಎದ್ದು ಬಂತು, ಅದರಡಿ ಗಂಜಲ ಇಳಿದು ನಾತ ಹೋಗಲೇ ಇಲ್ಲ. ಒಂದು ಹಸು ಎದ್ದ ಪದರದ ಚೂಪಿಗೆ ಗೊರಸಿನ ಸಂದು ಕೊಯ್ದುಕೊಂಡು ಹದಿನೈದು ದಿನ ಕುಂಟಿತು. ಅದನ್ನು ನೋಡಿದ ಮೇಲೆ ನಾನು ಪೂರ್ತಿ ಒಡೆಸಿ ಹೊಸದಾಗಿ ಹಾಕಿಸಿದೆ.

ವಾಟವನ್ನು ಮಣ್ಣಿನಲ್ಲೇ ಕೊಡಬೇಕು. ಮಣ್ಣು ಇಳಿಜಾರಾಗಿದ್ದರೆ ಅದರ ಮೇಲಿನ ಜಲ್ಲಿಯೂ ಇಳಿಜಾರು, ಅದರ ಮೇಲಿನ ಕಾಂಕ್ರೀಟೂ ಇಳಿಜಾರು, ಎಲ್ಲಿ ಅಳೆದರೂ ಅದೇ ನಾಲ್ಕು ಇಂಚು ದಪ್ಪ. ಎಲ್ಲವೂ ಒಂದೇ ಸಲ ಸುರಿದ ಒಂದೇ ತುಂಡು. ಮೇಲೊಂದು ಬೇರೆ ಪದರವೇ ಇಲ್ಲ ಎಂದಮೇಲೆ ಏಳುವುದಕ್ಕೆ ಏನಿದೆ?

ಇನ್ನು ಎಷ್ಟು ವಾಟ ಎನ್ನುವುದು. ಹಸು ನಿಲ್ಲುವ ಜಾಗಕ್ಕೆ ಅಡಿಗೆ ಕಾಲಿಂಚು. ಅಂದರೆ ನೂರಕ್ಕೆ ಎರಡು. ಗೋದಲಿಯಿಂದ ಚರಂಡಿಗೆ ಐದೂವರೆ ಅಡಿ ಇಟ್ಟುಕೊಂಡರೆ ಒಟ್ಟು ಇಳಿತ ಒಂದೂವರೆ ಇಂಚಿಗಿಂತ ತುಸು ಕಡಿಮೆ, ಒಂದೂವರೆ ಅಂತಲೇ ಹಿಡಿಯಿರಿ. ನೂರಕ್ಕೆ ಒಂದಕ್ಕಿಂತ ಕಡಿಮೆಯಾದರೆ ಕೈಕೆಲಸದ ಸಣ್ಣಪುಟ್ಟ ತಗ್ಗುಗಳಲ್ಲೇ ನೀರು ಕೂತುಬಿಡುತ್ತದೆ. ಹಾಗಂತ ‘ಜಾಸ್ತಿ ಇರಲಿ, ಬೇಗ ಹರಿಯುತ್ತೆ’ ಎಂದು ಮೂರು ನಾಲ್ಕು ಇಂಚು ಇಳಿಸುವವರಿದ್ದಾರೆ, ಅದು ಹಸುವಿಗೆ ಹಿಂಸೆ. ದಿನಕ್ಕೆ ಹತ್ತಾರು ಗಂಟೆ ಅದು ಅಲ್ಲೇ ನಿಲ್ಲಬೇಕು, ಮಲಗಬೇಕು, ಏಳಬೇಕು. ಭಾರವೆಲ್ಲ ಹಿಂಗಾಲಿಗೆ ಬೀಳುತ್ತದೆ, ಏಳುವಾಗ ಜಾರುತ್ತದೆ. ತುಂಬು ಗಬ್ಬದ ಹಸುವಿಗೆ ಕಡಿದಾದ ಇಳಿಜಾರಿನಲ್ಲಿ ಯೋನಿಭಾಗ ಹೊರಬರುವ ಅಪಾಯವೂ ಇದೆ. ಕಾಲಿಂಚಿನ ಲೆಕ್ಕ ಮೀರಬೇಡಿ.

ನಿಮ್ಮ 9 ಅಡಿಯನ್ನು ಹೀಗೆ ಹಂಚಬಹುದು: ನಿಲ್ಲುವ ಜಾಗ ಐದೂವರೆ ಅಡಿ, ಚರಂಡಿ ಒಂದು ಅಡಿ, ಹಿಂದೆ ಓಡಾಡಲು ಎರಡೂವರೆ ಅಡಿ. ಓಡಾಡುವ ಜಾಗಕ್ಕೂ ಅರ್ಧ ಇಂಚು ವಾಟ ಕೊಟ್ಟು ಅದೇ ಚರಂಡಿಗೆ ತಿರುಗಿಸಿ. ಚರಂಡಿ ಆಳವಾಗಿರಬಾರದು, ಅಗಲವಾಗಿ ತಟ್ಟೆಯ ಹಾಗೆ ಇರಲಿ. ಆಳವಾದರೆ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ, ಪೊರಕೆ ಮೂಲೆಗೆ ಹೋಗುವುದಿಲ್ಲ. 12 ಅಡಿ ಉದ್ದಕ್ಕೆ ಚರಂಡಿಯ ವಾಟ ಒಂದೂವರೆ ಇಂಚು ಸಾಕು. ಶುರುವಿನಲ್ಲಿ ಎರಡು ಇಂಚು ಆಳ, ಹೊರಹೋಗುವ ಕಡೆ ಮೂರೂವರೆ. ಚರಂಡಿಯ ಕೆಳಗೂ ನಾಲ್ಕು ಇಂಚು ಕಾಂಕ್ರೀಟ್ ಬರಬೇಕಲ್ಲ, ಅದಕ್ಕೆ ಅಲ್ಲಿ ಮಣ್ಣನ್ನು ಇನ್ನಷ್ಟು ಆಳಕ್ಕೆ ಅಗೆಯುವುದು ಮರೆಯಬೇಡಿ. ಬಹಳ ಜನ ಮರೆಯುತ್ತಾರೆ, ಮೊದಲ ಬಿರುಕು ಬರುವುದು ಅಲ್ಲೇ.

ಈಗ ಮಟ್ಟ ಹಿಡಿಯುವ ಕೆಲಸ. ಪಾರದರ್ಶಕ ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ನಾಲ್ಕೂ ಗೋಡೆಗೆ ಒಂದೇ ಮಟ್ಟದ ಗೆರೆ ಹಾಕಿಕೊಳ್ಳಿ. ಆ ಗೆರೆಯಿಂದ ಕೆಳಕ್ಕೆ ಅಳೆದು ನೆಲದ ಗುರುತು ಹಾಕಿ. ಗೋದಲಿ ಕಡೆ ಎಷ್ಟೋ ಅಷ್ಟು, ಚರಂಡಿ ಕಡೆ ಅದಕ್ಕಿಂತ ಒಂದೂವರೆ ಇಂಚು ಜಾಸ್ತಿ. ಇದರ ಜೊತೆಗೆ ನಾನು ಬಳಸುವ ಒಂದು ಉಪಾಯ: ನೇರವಾದ ನಾಲ್ಕು ಅಡಿ ಮಟ್ಟಗೋಲಿನ ಒಂದು ತುದಿಯ ಅಡಿಗೆ ಸರಿಯಾಗಿ ಒಂದು ಇಂಚು ದಪ್ಪದ ಮರದ ತುಂಡನ್ನು ಮೊಳೆ ಹೊಡೆದು ಕೂರಿಸಿ. ತುಂಡಿರುವ ತುದಿಯನ್ನು ತಗ್ಗಿನ ಕಡೆಗೆ ಇಟ್ಟು ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಡಿ. ಗುಳ್ಳೆ ನಡುವೆ ನಿಂತರೆ ಅಡಿಗೆ ಕಾಲಿಂಚು ವಾಟ ಬಂದಿದೆ ಎಂದೇ ಅರ್ಥ. ಲೆಕ್ಕ ಬೇಡ, ದಾರ ಬೇಡ, ಮಣ್ಣಿನ ಮೇಲೂ ಇದನ್ನೇ ಇಡಿ, ಜಲ್ಲಿಯ ಮೇಲೂ ಇದನ್ನೇ.

ಮೇಲಿನ ಸಡಿಲ ಮಣ್ಣು, ಹಳೇ ಸಗಣಿ, ಬೇರು ಎಲ್ಲ ಕೆತ್ತಿ ತೆಗೆಯಿರಿ. ಗಂಜಲ ಕುಡಿದ ಕಪ್ಪು ಮಣ್ಣು ಒಂದಿಷ್ಟೂ ಉಳಿಯಬಾರದು. ಗಟ್ಟಿ ಮಣ್ಣನ್ನು ವಾಟಕ್ಕೆ ಸರಿಯಾಗಿ ಕೆತ್ತಿ, ನೀರು ಚಿಮುಕಿಸಿ ಬಡಿದು, ಅದರ ಮೇಲೆ ನಾಲ್ಕರಿಂದ ಆರು ಇಂಚು ಜಲ್ಲಿ ಹರಡಿ ಮತ್ತೆ ಬಡಿಸಿ. ಹಿಮ್ಮಡಿಯೂರಿ ನಡೆದರೆ ಗುರುತು ಬೀಳಬಾರದು. ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಕೆಳಗಿನ ತೇವ ಮೇಲೇರದಂತೆ. ಗೋಡೆ ಮತ್ತು ಕಂಬಗಳ ಸುತ್ತ ಅರ್ಧ ಇಂಚಿನ ಥರ್ಮಾಕೋಲ್ ಪಟ್ಟಿ ನಿಲ್ಲಿಸಿ. ನೆಲ ಹಿಗ್ಗಿ ಕುಗ್ಗುವಾಗ ಗೋಡೆಗೆ ಕಚ್ಚಿಕೊಂಡಿರಬಾರದು.

ನಿಮ್ಮ ನೆಲಕ್ಕೆ 36 ಘನ ಅಡಿ ಕಾಂಕ್ರೀಟ್ ಬೇಕು, ಅಂದರೆ ಹೆಚ್ಚುಕಡಿಮೆ ಒಂದು ಘನ ಮೀಟರ್. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು 20 ಮಿಲಿಮೀಟರ್ ಜಲ್ಲಿ. ಐವತ್ತು ಕೆಜಿಯ 8 ಚೀಲ ಸಿಮೆಂಟ್ ಹಿಡಿಯುತ್ತದೆ, 9 ತಂದಿಟ್ಟುಕೊಳ್ಳಿ. ಚೀಲಕ್ಕೆ 25 ಲೀಟರ್ ನೀರು ಮೀರಬಾರದು, ಮರಳು ಒದ್ದೆಯಿದ್ದರೆ ಅದಕ್ಕಿಂತಲೂ ಕಡಿಮೆ. ಇಳಿಜಾರು ನೆಲಕ್ಕೆ ಇದು ಇನ್ನೂ ಮುಖ್ಯ, ಯಾಕೆಂದರೆ ನೀರಾದ ಕಾಂಕ್ರೀಟ್ ರಾತ್ರಿಯಿಡೀ ಮೆಲ್ಲಗೆ ತಗ್ಗಿಗೆ ಜಾರಿ ನೀವು ಕೊಟ್ಟ ವಾಟವನ್ನೇ ಕೆಡಿಸುತ್ತದೆ. ಬಾಂಡ್ಲಿಯಿಂದ ಸುರಿದಾಗ ಹರಿಯಬಾರದು, ಗುಡ್ಡೆಯಾಗಿ ಕೂರಬೇಕು. ಕರಣೆಯ ಬೆನ್ನಿನಿಂದ ನಾಲ್ಕು ಸಲ ತಟ್ಟಿದರೆ ಆಗ ಮೇಲೆ ತೇವ ಮಿನುಗಬೇಕು, ಆ ಹದ. ಕೆಲಸದವರು ಎಳೆಯಲು ಸುಲಭ ಎಂದು ನೀರು ಸೇರಿಸಹೊರಟರೆ ತಡೆಯಿರಿ, ಆ ಹೊತ್ತು ಪಕ್ಕದಲ್ಲೇ ನಿಂತಿರಿ.

ಸುರಿಯುವುದು ತಗ್ಗಿನಿಂದ ಏರಿಗೆ. ಮೊದಲು ಚರಂಡಿ, ಆಮೇಲೆ ಗೋದಲಿಯ ಕಡೆಗೆ. ಮೇಲಿನಿಂದ ಶುರು ಮಾಡಿದರೆ ಕುಟ್ಟಿದಾಗಲೆಲ್ಲ ಕೆಳಗೆ ಆಸರೆ ಇಲ್ಲದೆ ಸರಿಯುತ್ತದೆ. ಒಂದೇ ದಿನ, ಒಂದೇ ಬೀಸಿನಲ್ಲಿ ಮುಗಿಯಬೇಕು. ನಾಲ್ಕು ನಾಲ್ಕು ಅಡಿಗೆ ಇಳಿಜಾರಿನ ಉದ್ದಕ್ಕೂ ರೀಪು (ಮರದ ಪಟ್ಟಿ) ಇಟ್ಟು, ಅದರ ಮೇಲೆ ಮಟ್ಟಗೋಲು ಎಳೆದು, ರೀಪು ತೆಗೆದ ಸಂದನ್ನು ಕೂಡಲೇ ತುಂಬಿ. ಚರಂಡಿಗೆ ಅದರ ಆಕಾರಕ್ಕೆ ಬಾಗಿಸಿ ಕೊಯ್ಸಿದ ಹಲಗೆ ಇದ್ದರೆ ಒಂದೇ ಎಳೆತಕ್ಕೆ ರೂಪ ಬರುತ್ತದೆ. ನಾಲ್ಕನೇ ಅಡಿ, ಎಂಟನೇ ಅಡಿಗೆ, ಅಂದರೆ ಎರಡು ಹಸುಗಳ ನಡುವಿನ ಗೆರೆಯಲ್ಲಿ, ಹಸಿಯಿದ್ದಾಗಲೇ ಒಂದು ಇಂಚು ಆಳದ ಗೀರು ಹಾಕಿಸಿ. ಬಿರುಕು ಬರುವುದಿದ್ದರೆ ಆ ಗೀರಿನಡಿಯೇ ನೆಟ್ಟಗೆ ಬರಲಿ. ಆಮೇಲೆ ಅದನ್ನು ಡಾಂಬರಿನಿಂದ ತುಂಬಿದರಾಯಿತು.

ಮೇಲ್ಮೈ ಬಗ್ಗೆ ಮೇಸ್ತ್ರಿಯ ಜೊತೆ ಮೊದಲೇ ಮಾತಾಡಿ. ಒಳ್ಳೆಯ ಕೆಲಸಗಾರರಿಗೆ ಒರಟು ನೆಲ ಬಿಟ್ಟು ಹೋಗಲು ಮನಸ್ಸೇ ಬರುವುದಿಲ್ಲ. ಒಣ ಸಿಮೆಂಟ್ ಉದುರಿಸಿ ಕರಣೆಯಿಂದ ಕನ್ನಡಿಯ ಹಾಗೆ ತಿಕ್ಕಿಬಿಡುತ್ತಾರೆ. ಹಸುವಿಗೆ ಅದು ಮಂಜುಗಡ್ಡೆ ಇದ್ದ ಹಾಗೆ. ಮೇಲೆ ಬಂದ ನೀರಿನ ಮಿನುಗು ಆರುವ ತನಕ ಕಾದು, ಮರದ ಮಣೆಯಿಂದ ಒಮ್ಮೆ ತಿಕ್ಕಿ, ಗಟ್ಟಿ ಕಡ್ಡಿಯ ಪೊರಕೆಯನ್ನು ಗೋದಲಿಯಿಂದ ಚರಂಡಿಯ ದಿಕ್ಕಿಗೆ ಎಳೆಯಿರಿ. ಗೆರೆಗಳು ಕಾಲಿಗೆ ಹಿಡಿತವೂ ಹೌದು, ಗಂಜಲಕ್ಕೆ ದಾರಿಯೂ ಹೌದು.

ನೀರುಣಿಸುವಾಗ ಇಳಿಜಾರಿನ ಕಷ್ಟ ಇನ್ನೊಂದು. ಮಟ್ಟವಾದ ನೆಲಕ್ಕೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ. ಇಲ್ಲಿ ನೀರು ತಗ್ಗಿನಲ್ಲಿ ಸೇರಿ ಗೋದಲಿ ಕಡೆ ಒಣಗಿರುತ್ತದೆ. ಗೋಣಿಚೀಲ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಏರಿನ ಕಡೆಯಿಂದ ನೀರು ಬಿಡಿ. ಹತ್ತು ದಿನ ಚೀಲ ಒಣಗಬಾರದು.

ಕಾರ್ ಶೆಡ್ಡಿಗೆ ಕ್ರಮವೆಲ್ಲ ಇದೇ, ವಾಟ ಮಾತ್ರ ಇದರ ಅರ್ಧ ಇದ್ದರೂ ನಡೆಯುತ್ತದೆ. ಹಿಂಗೋಡೆಯಿಂದ ಬಾಗಿಲ ಕಡೆಗೆ 18 ಅಡಿಯಿದ್ದರೆ ಎರಡೂಕಾಲು ಇಂಚು. ಕಾರಿಗೆ ನಾಲ್ಕು ಇಂಚು ದಪ್ಪ ಸಾಕು, ಟ್ರ್ಯಾಕ್ಟರ್ ನಿಲ್ಲಿಸುವುದಾದರೆ ಆರು ಮಾಡಿ. ಹೊರಗಿನ ನೆಲ ಬಾಗಿಲ ಅಂಚಿಗಿಂತ ಒಂದು ಇಂಚಾದರೂ ತಗ್ಗಿರಲಿ, ಇಲ್ಲದಿದ್ದರೆ ಮಳೆನೀರು ಒಳಗೆ ಬರುತ್ತದೆ.

ಏಳು ದಿನಕ್ಕೆ ಕಾಂಕ್ರೀಟಿಗೆ ಪೂರ್ತಿ ಬಲದ ಮೂರರಲ್ಲಿ ಎರಡು ಪಾಲು ಬಂದಿರುತ್ತದೆ. ಕಾರನ್ನು ಹತ್ತು ದಿನಕ್ಕೆ ಒಳಗೆ ತರಬಹುದು. ಹಸುಗಳನ್ನು ಮೂರು ವಾರ ಹೊರಗೇ ಕಟ್ಟಿ. ಹೊಸ ಕಾಂಕ್ರೀಟಿನ ಸುಣ್ಣದ ಖಾರ, ಪೊರಕೆ ಗೆರೆಯ ಮೊನೆ ಎರಡೂ ಗೊರಸನ್ನು ತಿನ್ನುತ್ತವೆ. ಕಟ್ಟುವ ಮೊದಲು ಒಂದು ಕಾಂಕ್ರೀಟ್ ಇಟ್ಟಿಗೆಗೆ ಹಗ್ಗ ಕಟ್ಟಿ ನೆಲದ ಮೇಲೆಲ್ಲ ನಾಲ್ಕು ಸುತ್ತು ಎಳೆದಾಡಿ, ಬೇಕಾದಷ್ಟು ನೀರು ಹೊಯ್ದು ಎರಡು ಸಲ ತೊಳೆಯಿರಿ. ಗೋದಲಿಯ ಬುಡದಲ್ಲಿ ಒಂದು ಕೊಡ ನೀರು ಸುರಿದು ನೋಡಲು ಅದೇ ಸರಿಯಾದ ಹೊತ್ತು. ಎಲ್ಲಾದರೂ ಅಂಗೈಯಷ್ಟು ನೀರು ನಿಂತರೆ ಸೀಮೆಸುಣ್ಣದಿಂದ ಸುತ್ತ ಗುರುತು ಹಾಕಿ, ಅಲ್ಲಿಂದ ಚರಂಡಿಗೆ ಗ್ರೈಂಡರ್ ಯಂತ್ರದಲ್ಲಿ ಒಂದು ಸಣ್ಣ ಗೀರು ಕೊಯ್ಸಿ. ಗಾರೆ ಮೆತ್ತಿ ತಗ್ಗು ಮುಚ್ಚಲು ಹೋಗಬೇಡಿ, ಆ ತೇಪೆ ಮತ್ತೆ ಹಪ್ಪಳದಂತೆಯೇ ಏಳುತ್ತದೆ.